ಎರಡು ಜೇಬು

ಇಜ್ಮಿರಿನ ಹಳೇ ಬಜಾರು, ಬೆಳಗಿನ ಒಂಬತ್ತು.
ಪೊಯ್ರಾಜ್‌ಗೆ ಹದಿನಾಲ್ಕು ತಿಂಗಳು,
ಅವನ ಮೂಗಿಗೆ ಇನ್ನೂ ಮೂರೇ.
ಹೆಸರು ಈಶಾನ್ಯದ ಗಾಳಿಯದು.
ಗಾಳಿಗೆ ಕೂತಿರು ಅಂತ ಕಲಿಸುವುದು ನನ್ನ ಸಂಬಳದ ಕೆಲಸ.

ಬಲಜೇಬಿನಲ್ಲಿ ಒಣಗಿಸಿದ ಕುರಿಯ ಈಲಿ,
ಉಗುರಿನಷ್ಟಗಲದ ಚೂರುಗಳು.
ಎಡಜೇಬಿನ ಮಾತು ಆಮೇಲೆ.

ಬಯ್ಯುತ್ತೀಯಾ, ಹೊಡೆಯುತ್ತೀಯಾ, ಕೇಳುತ್ತಾರೆ ಜನ.
ಇಲ್ಲ, ದೂರ ನಿಲ್ಲುತ್ತೇನೆ.
ಮೊದಲ ವಾರ ಶೆಫಿಕನ ಮೀನಂಗಡಿಗೆ ನಲವತ್ತು ಹೆಜ್ಜೆ.
ಆಸೆಯ ಕೈಗೂ ಒಂದು ಅಳತೆ ಇದೆ,
ಯಾವುದೋ ಹೆಜ್ಜೆಯಾಚೆ ಅದಕ್ಕೆ ಕುತ್ತಿಗೆಪಟ್ಟಿ ಎಟಕುವುದಿಲ್ಲ.
ಆ ಹೆಜ್ಜೆ ಹುಡುಕುವುದೇ ವಿದ್ಯೆ.
ಉಳಿದದ್ದೆಲ್ಲ ಈಲಿ.

ಬಕ್, ಅನ್ನುತ್ತೇನೆ. ನೋಡು, ನನ್ನನ್ನು ನೋಡು.
ನೋಡಿದರೆ ಒಂದು ಚೂರು.
ನಾಳೆ ಮೂವತ್ತೆಂಟು ಹೆಜ್ಜೆ.

ಬುಧವಾರ ಯಾವುದೋ ಮಗುವಿನ ಕೈಯಿಂದ
ಎಳ್ಳು ಮೆತ್ತಿದ ಸಿಮಿತ್ ಜಾರಿತು.
ಹಗ್ಗದಷ್ಟು ಉದ್ದಕ್ಕೂ ನಾನು ಓಡಿದೆ,
ಹೋಗುವಷ್ಟರಲ್ಲಿ ನೆಲದ ಮೇಲೆ ಎಳ್ಳೂ ಇರಲಿಲ್ಲ.
ಗುರುವಾರ ದೋಣಿಯ ಸೈರನ್ನಿಗೆ ಬೆಚ್ಚಿ
ಟೋಪಿಯಂಗಡಿಯೊಳಗೆ ನುಗ್ಗಿದ.
ಬೆನ್ನಿನ ಪಟ್ಟಿಯ ಮೇಲೆ ದಪ್ಪಕ್ಷರದಲ್ಲಿದೆ, ಮುಟ್ಟಬೇಡಿ ಅಂತ.
ಗಟ್ಟಿಯಾಗಿ ಓದುತ್ತ ಓದುತ್ತಲೇ ಮುಟ್ಟುತ್ತಾರೆ.

ಶೆಫಿಕನ ಬೆಕ್ಕಿಗೆ ಒಂದೇ ಕಣ್ಣು.
ಮಂಜುಗಡ್ಡೆಯ ಪೆಟ್ಟಿಗೆ ಮೇಲೆ ಪರೀಕ್ಷೆಯ ಮೇಷ್ಟರ ಹಾಗೆ ಕೂತು
ಆ ಒಂದರಲ್ಲೇ ನಮ್ಮಿಬ್ಬರನ್ನೂ ಫೇಲು ಮಾಡುತ್ತದೆ, ದಿನಾ.

ಇವತ್ತು ಮೂರು ಹೆಜ್ಜೆ.
ಮೂರೇ ಮೂರು.
ಬೆಕ್ಕು ಬಾಲ ಇಳಿಬಿಟ್ಟು ಗಡಿಯಾರದ ಹಾಗೆ ತೂಗಿತು.
ಅವನ ಕಿವಿ ಆ ಕಡೆ ಹೋಯಿತು.
ಮೂಗು ಹೋಯಿತು.
ಮುಂಗಾಲೊಂದು ನೆಲ ಬಿಟ್ಟಿತು.
ಕಣ್ಣು ಮಾತ್ರ ಅರ್ಧ ದಾರಿಗೆ ಹೋಗಿ
ಏನೋ ಮರೆತವರ ಹಾಗೆ ನನ್ನ ಹತ್ತಿರ ಹಿಂದಿರುಗಿತು.

ನಾನು ಅಳುವವಳಲ್ಲ. ಐದು ಚೂರು ಕೊಟ್ಟೆ.

ತಾಮ್ರದವರ ಗಲ್ಲಿ ದಾಟಿದರೆ ಮೂಲೆಯಲ್ಲಿ ತಂಬಾಕಿನ ಗೂಡಂಗಡಿ.
ನಾನು ಬಿಟ್ಟು ಹನ್ನೊಂದು ದಿನ.
ಹಮಾಲನೊಬ್ಬ ಹೊರೆ ಗೋಡೆಗೊರಗಿಸಿ ಕಡ್ಡಿ ಗೀರಿದ,
ಗಂಧಕ, ಆಮೇಲೆ ಆ ಮೊದಲ ದಮ್ಮು,
ಅವನ ಎದೆಯೊಳಗಿಂದ ಬೀದಿಗೆ ಬಿಚ್ಚಿಕೊಂಡ ನೀಲಿ ನೂಲು.
ನನ್ನ ಕಾಲು ನಿಂತದ್ದು ನನಗೆ ತಿಳಿಯಲಿಲ್ಲ.
ಹಿಡಿಕೆಯ ಮೇಲೆ ಬೆರಳು ಸಡಿಲಾದದ್ದು
ಅವನಿಗೆ ತಿಳಿಯಿತು.

ಕೂತ. ಮುಖ ಎತ್ತಿ ನೋಡಿದ.
ಬಕ್ ಅಂತ ಯಾರೂ ಹೇಳಿರಲಿಲ್ಲ.
ಆ ನೋಟದಲ್ಲಿ ಬುದ್ಧಿಮಾತಿರಲಿಲ್ಲ, ಅದೆಲ್ಲ ಮನುಷ್ಯರದು.
ಕೂಲಿ ಬರಬೇಕಾದವನ ನೋಟ, ಅಷ್ಟೆ.

ಲೆಕ್ಕ ಹಾಕಿದೆ. ನಾಲ್ಕು ಹೆಜ್ಜೆ.
ನಲವತ್ತರಿಂದ ಶುರು ಮಾಡಬೇಕಿದ್ದವಳು ನಾಲ್ಕಕ್ಕೆ ನಿಂತಿದ್ದೇನೆ,
ಯಾವ ಮರಿಗೂ ನಾನು ಇಷ್ಟು ಅನ್ಯಾಯ ಮಾಡಿಲ್ಲ.

ರಸ್ತೆ ದಾಟಿದೆವು.
ಎಣಿಸುತ್ತ ಹೋದೆ, ಹತ್ತು, ಹದಿನೇಳು,
ವಾಚು ರಿಪೇರಿಯವನ ಮುಂದೆ, ಇಪ್ಪತ್ತಾರಕ್ಕೆ,
ಆ ಹೊಗೆ ಬೇರೆ ಯಾರದೋ ಹೊಗೆಯಾಯಿತು.

ಆಗ ಎಡಜೇಬಿಗೆ ಕೈ ಹಾಕಿದೆ.
ಹುರಿಗಡಲೆ. ಸಿಪ್ಪೆ ಸಮೇತ, ಉಪ್ಪು ಹಚ್ಚಿದ್ದು.
ಒಂದು ನನಗೆ.
ಅವನು ಬಾಲದಿಂದ ನೆಲ ಗುಡಿಸಿದ,
ಅವಸರದಲ್ಲಿ ಅದೇ ಜೇಬಿನದನ್ನೇ ಅವನಿಗೂ ಕೊಟ್ಟೆ.
ನೆಂಟರ ಮನೆಯಲ್ಲಿ ಸಿಕ್ಕಿಬಿದ್ದವನ ಹಾಗೆ ಬಹಳ ಹೊತ್ತು ಅಗಿದ,
ಅರ್ಧ ನನ್ನ ಬೂಟಿನ ಮೇಲೆ ಇಟ್ಟ.

ಸೋಮವಾರ ಮನಿಸಾದ ರೈಲಿಗೆ ನೆಬಾಹತ್ ಬರುತ್ತಾಳೆ.
ಅವಳ ಕೈಗೆ ಹಿಡಿಕೆ ಕೊಟ್ಟು ನಾನು ಹಿಂದೆ ಉಳಿಯಬೇಕು,
ಎಷ್ಟು ಹೆಜ್ಜೆ ಅಂತ ಇನ್ನೂ ಗೊತ್ತಿಲ್ಲ.
ರಾತ್ರಿ ಅವಳಿಗಾಗಿ ಪಟ್ಟಿ ಮಾಡಿದೆ,
ನಾಯಿಯ ಗಮನ ಕದಿಯುವಂಥವು:
ಸಿಮಿತ್, ಹಡಗಿನ ಸೈರನ್, ಟೋಪಿ, ಒಕ್ಕಣ್ಣಿನ ಬೆಕ್ಕು.
ಹೊಗೆ, ಅಂತಲೂ ಬರೆದೆ.
ಆಮೇಲೆ ಹೊಡೆದುಹಾಕಿದೆ.
ಅದು ಅವನ ಪಟ್ಟಿಯದಲ್ಲ.